ಎರಡು ಸೆಂಟಿಮೀಟರ್ ಕೊಳವೆ, 264 ಕೋಟಿ ಬಡಿತ

ಸುಮ್ಮನೆ ಕೂತಿರುವ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಐದು ಲೀಟರ್ ತಾನೇ, ಅದೇನು ಮಹಾ ಅನ್ನಬೇಡಿ. ಗಂಟೆಗೆ ಅದು 300 ಲೀಟರ್ ಆಗುತ್ತದೆ, ದಿನಕ್ಕೆ 7,200 ಲೀಟರ್. ಬೆಂಗಳೂರಿನ ಬೀದಿಗಳಿಗೆ ಬರುವ 6,000 ಲೀಟರಿನ ನೀರಿನ ಟ್ಯಾಂಕರಿನಲ್ಲಿ ಒಬ್ಬರ ಒಂದು ದಿನದ ರಕ್ತ ಹಿಡಿಸುವುದಿಲ್ಲ! ವರ್ಷಕ್ಕೆ ಲೆಕ್ಕ ಹಾಕಿದರೆ 26 ಲಕ್ಷ ಲೀಟರ್: 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಒಲಿಂಪಿಕ್ ಈಜುಕೊಳ ತುಂಬಿ ಹೊರಚೆಲ್ಲುತ್ತದೆ. ಎಪ್ಪತ್ತು ವರ್ಷ ಬಾಳಿದರೆ 18 ಕೋಟಿ 40 ಲಕ್ಷ ಲೀಟರ್. ಹೀಗೆ ಎಪ್ಪತ್ತು ದಾಟಿದ 154 ಜನ ಸೇರಿದರೆ ಒಂದು ಟಿಎಂಸಿ. ಹೌದು, ಕಾವೇರಿ ವಿವಾದದ ಸುದ್ದಿಯಲ್ಲಿ ನಾವು ಓದುವ ಅದೇ ಟಿಎಂಸಿ. 49.45 ಟಿಎಂಸಿ ಹಿಡಿಸುವ ಕೃಷ್ಣರಾಜಸಾಗರವನ್ನು ಅಂಚಿನವರೆಗೆ ತುಂಬಿಸಲು 7,600 ಹೃದಯಗಳು ಸಾಕು. ಒಂದು ದೊಡ್ಡ ಹಳ್ಳಿಯ ಜನ ತಮ್ಮ ಆಯುಸ್ಸಿನಲ್ಲಿ ಒಂದು ಕನ್ನಂಬಾಡಿ ಕಟ್ಟೆಯಷ್ಟು ರಕ್ತ ಹರಿಸಿರುತ್ತಾರೆ.

ಲೀಟರ್ ಬಿಟ್ಟು ತಲೆ ಎಣಿಕೆಗೆ ಬಂದರೆ ಬೆರಗು ಇನ್ನೂ ಹೆಚ್ಚು. ಒಂದು ಲೀಟರ್ ರಕ್ತದಲ್ಲಿ ಸುಮಾರು 5 ಲಕ್ಷ ಕೋಟಿ ಕೆಂಪು ರಕ್ತಕಣಗಳಿವೆ. ಅಂದರೆ ನಿಮಿಷವೊಂದಕ್ಕೆ ಹೃದಯದ ಬಾಗಿಲು ದಾಟುವ ಕಣಗಳು 25 ಲಕ್ಷ ಕೋಟಿ. ಭೂಮಿಯ ಮೇಲಿರುವ ಮನುಷ್ಯರು ಸುಮಾರು 800 ಕೋಟಿ. ಇಡೀ ಮನುಕುಲದ 3,000 ಪಟ್ಟು ಜಂಗುಳಿ, ಒಂದೇ ನಿಮಿಷದಲ್ಲಿ, ಒಂದೇ ಬಾಗಿಲಿನಲ್ಲಿ!

ಈ ಪ್ರವಾಹವನ್ನೆಲ್ಲ ಮೊದಲು ಎದೆಯೊಡ್ಡಿ ತಾಳುವುದು ಮಹಾಪಧಮನಿ, ವೈದ್ಯರ ಬಾಯಲ್ಲಿ ಅಯೋರ್ಟಾ. ಹೃದಯದಿಂದ ಹೊರಟು, ಎದೆಯಲ್ಲಿ ಕಮಾನಿನಂತೆ ಬಾಗಿ, ಬೆನ್ನುಮೂಳೆಯ ಮುಂದೆಯೇ ಇಳಿದು ಹೊಕ್ಕುಳಿನ ಹತ್ತಿರ ಎರಡು ಕವಲಾಗುವ ಈ ಕೊಳವೆ ಹೃದಯದ ಬಳಿ ಸುಮಾರು 3 ಸೆಂಟಿಮೀಟರ್ ಅಗಲವಿರುತ್ತದೆ. ಹೊಟ್ಟೆಗೆ ಇಳಿಯುವಷ್ಟರಲ್ಲಿ 2 ಸೆಂಟಿಮೀಟರ್. ಗೋಡೆಯ ದಪ್ಪ ಹೆಚ್ಚೆಂದರೆ 2 ಮಿಲಿಮೀಟರ್. ಬಿಪಿ 120 ಇದ್ದಾಗ ಈ ಗೋಡೆಯ ಮೇಲಿನ ಒತ್ತಡ ನೀರನ್ನು 5 ಅಡಿ 4 ಇಂಚು ಮೇಲಕ್ಕೆ ಎತ್ತಬಲ್ಲದು. 180ಕ್ಕೆ ಏರಿತೋ, 8 ಅಡಿ! ಅದೂ ಎಂದೋ ಒಮ್ಮೆ ಬೀಳುವ ಪೆಟ್ಟಲ್ಲ. ನಿಮಿಷಕ್ಕೆ 72 ಬಡಿತದಂತೆ ದಿನಕ್ಕೆ 1,03,680, ವರ್ಷಕ್ಕೆ 3 ಕೋಟಿ 78 ಲಕ್ಷ, ಎಪ್ಪತ್ತು ವರ್ಷಕ್ಕೆ 264 ಕೋಟಿ. ಇಷ್ಟು ಹೊಡೆತಕ್ಕೂ ಬಹುತೇಕ ಜನರ ಮಹಾಪಧಮನಿ ಜಗ್ಗುವುದಿಲ್ಲ ಅನ್ನುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಸೋಜಿಗ.

ಕೆಲವರದು ಜಗ್ಗುತ್ತದೆ. ಹೊಟ್ಟೆಯ ಭಾಗದಲ್ಲಿ ಕೊಳವೆಯ ಅಗಲ 3 ಸೆಂಟಿಮೀಟರ್ ಮುಟ್ಟಿದರೆ ಅದಕ್ಕೆ ಅನ್ಯೂರಿಸಂ ಎಂದು ಹೆಸರು. ಹೆಚ್ಚಾಗಿ 65 ದಾಟಿದ ಗಂಡಸರಿಗೆ, ಅದರಲ್ಲೂ ಬೀಡಿ ಸಿಗರೇಟು ಸೇದಿದವರಿಗೆ ಬರುತ್ತದೆ. ನೋವಿಲ್ಲ, ಜ್ವರವಿಲ್ಲ, ಸುಳಿವೇ ಇಲ್ಲ. ಇದು ಬೆಳೆಯುವ ವೇಗವಂತೂ ನಂಬುವುದಕ್ಕೇ ಕಷ್ಟ: ವರ್ಷಕ್ಕೆ ಎರಡರಿಂದ ಮೂರು ಮಿಲಿಮೀಟರ್. ಕೈಬೆರಳಿನ ಉಗುರು ಒಂದು ತಿಂಗಳಲ್ಲಿ ಬೆಳೆಯುವಷ್ಟನ್ನು ಈ ಉಬ್ಬು ಇಡೀ ವರ್ಷದಲ್ಲಿ ಬೆಳೆಯುತ್ತದೆ. ಎರಡೂವರೆ ಮಿಲಿಮೀಟರನ್ನು ವರ್ಷದ 3 ಕೋಟಿ 78 ಲಕ್ಷ ಬಡಿತಗಳಿಗೆ ಹಂಚಿ ನೋಡಿ. ಒಂದೊಂದು ಬಡಿತಕ್ಕೆ ಸಿಗುವ ಪಾಲು ಒಂದು ಇಂಗಾಲದ ಪರಮಾಣುವಿನ ಅಗಲದಲ್ಲಿ ಅರ್ಧದಷ್ಟೂ ಇಲ್ಲ! ಪರಮಾಣುವಿಗಿಂತ ಸಣ್ಣ ಹೆಜ್ಜೆಯಿಟ್ಟು, ಹತ್ತು ವರ್ಷ, 38 ಕೋಟಿ ಹೆಜ್ಜೆ ನಡೆದು ಅದು 3 ಸೆಂಟಿಮೀಟರಿನಿಂದ 5.5 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ.

ಆ 5.5 ಗಡಿಗೆರೆ. ಟೇಬಲ್ ಟೆನಿಸ್ ಚೆಂಡಿನ ಅಗಲ 4 ಸೆಂಟಿಮೀಟರ್, ಕ್ರಿಕೆಟ್ ಚೆಂಡಿನದು 7 ಸೆಂಟಿಮೀಟರಿಗೆ ತುಸು ಮೇಲೆ. ಅವೆರಡರ ನಟ್ಟನಡುವೆ ಈ ಗೆರೆ ಬೀಳುತ್ತದೆ. ಗಂಡಸರಲ್ಲಿ ಉಬ್ಬು ಇಲ್ಲಿಗೆ ಬಂದರೆ, ಹೆಂಗಸರಲ್ಲಿ 5 ಸೆಂಟಿಮೀಟರಿಗೇ, ವೈದ್ಯರು ಆಪರೇಷನ್ ಮಾತೆತ್ತುತ್ತಾರೆ. ಗೆರೆ ಸುಮ್ಮನೆ ಎಳೆದದ್ದಲ್ಲ. ಬ್ರಿಟನ್ನಿನಲ್ಲಿ 4ರಿಂದ 5.5 ಸೆಂಟಿಮೀಟರ್ ಉಬ್ಬಿದ್ದ 1,090 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಆಪರೇಷನ್ ಮಾಡಿ, ಇನ್ನೊಂದನ್ನು ಬರೀ ಅಳೆಯುತ್ತಾ ಹೋದರು. 1998ರಲ್ಲಿ ಬಂದ ಫಲಿತಾಂಶ ಹೇಳಿದ್ದು ಇಷ್ಟು: ಅವಸರ ಮಾಡಿದವರಿಗೆ ಆಯುಸ್ಸು ಹೆಚ್ಚೇನೂ ಸಿಗಲಿಲ್ಲ. ಗಡಿಯೊಳಗಿನ ಉಬ್ಬು ವರ್ಷದಲ್ಲಿ ಒಡೆಯುವ ಸಂಭವ ನೂರಕ್ಕೆ ಸುಮಾರು ಒಂದು. ಗಡಿ ದಾಟಿದ ಮೇಲೆ ಮಾತ್ರ ಅಂಕಿಗಳು ಓಡತೊಡಗುತ್ತವೆ. 6ರಿಂದ 7 ಸೆಂಟಿಮೀಟರಿಗೆ ವರ್ಷಕ್ಕೆ ನೂರರಲ್ಲಿ 10ರಿಂದ 20. ಕ್ರಿಕೆಟ್ ಚೆಂಡಿನ ಗಾತ್ರಕ್ಕೆ 20ರಿಂದ 40. ಎಂಟು ದಾಟಿದರೆ 30ರಿಂದ 50. ನಾಣ್ಯ ಚಿಮ್ಮಿದಂತೆ, ಪ್ರತಿ ವರ್ಷ!

ಒಡೆದರೆ ಬಹುತೇಕರು ಆಸ್ಪತ್ರೆಯ ಬಾಗಿಲನ್ನೂ ಮುಟ್ಟುವುದಿಲ್ಲ. ಹತ್ತರಲ್ಲಿ ಸುಮಾರು ಎಂಟು ಮಂದಿಯನ್ನು ಸಾವು ಒಯ್ಯುತ್ತದೆ. ಆರಡಿ ಐದಿಂಚಿನ ಆಳು, ಎರಡು ಮಹಾಯುದ್ಧಗಳಲ್ಲಿ ಬದುಕುಳಿದ ಫ್ರಾನ್ಸಿನ ಚಾರ್ಲ್ಸ್ ಡಿ ಗಾಲ್ 1970ರ ನವೆಂಬರ್ 9ರ ಸಂಜೆ ಮನೆಯಲ್ಲಿ ಇಸ್ಪೀಟು ಎಲೆ ಜೋಡಿಸುತ್ತಾ ಕೂತಿದ್ದವರು ಹೀಗೆಯೇ ಕುಸಿದರು. ಎಂಬತ್ತು ತುಂಬಲು 13 ದಿನ ಬಾಕಿ ಇತ್ತು.

ಇಷ್ಟು ಭೀಕರವಾದದ್ದನ್ನು ಹಿಡಿಯುವ ಪರೀಕ್ಷೆ ಎಷ್ಟು ಸರಳ ನೋಡಿ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರುತ್ತಾರೆ. ಅಲ್ಟ್ರಾಸೌಂಡ್ ಯಂತ್ರದ ಹಿಡಿಯನ್ನು ಹೊಕ್ಕುಳಿನ ಮೇಲ್ಭಾಗದಲ್ಲಿ ಒತ್ತುತ್ತಾರೆ. ಬೂದುಬಣ್ಣದ ಪರದೆಯ ನಡುವೆ ಒಂದು ಕಪ್ಪು ವೃತ್ತ ಕಾಣಿಸುತ್ತದೆ, ಪ್ರತಿ ಬಡಿತಕ್ಕೂ ಮಿಡಿಯುತ್ತಾ. ತಂತ್ರಜ್ಞರು ವೃತ್ತದ ಈ ಅಂಚಿಗೊಂದು ಆ ಅಂಚಿಗೊಂದು ಪುಟ್ಟ ಗುರುತು ಇಡುತ್ತಾರೆ, ನಡುವೆ ಚುಕ್ಕೆಗೆರೆ ಮೂಡುತ್ತದೆ, ಮೂಲೆಯಲ್ಲಿ ಅಂಕಿ ಬೀಳುತ್ತದೆ. 1.9 ಎಂದು ಬಂದರೆ ಅಂಗಿ ಸರಿಮಾಡಿಕೊಂಡು ಮನೆಗೆ ಹೋಗಬಹುದು. 4.3 ಎಂದು ಬಂದರೆ ಆ ಅಂಕಿ ಬದುಕಿನ ಕ್ಯಾಲೆಂಡರನ್ನೇ ಬದಲಿಸುತ್ತದೆ. ಸೂಜಿಯಿಲ್ಲ, ವಿಕಿರಣವಿಲ್ಲ, ಎಲ್ಲ ಸೇರಿ ಹತ್ತು ನಿಮಿಷ.

ಈ ಹತ್ತು ನಿಮಿಷದ ಬೆಲೆಯನ್ನು ಬ್ರಿಟನ್ನಿನವರು 67,800 ಗಂಡಸರ ಮೇಲೆ ಅಳೆದರು. ಒಂದು ತಾಲ್ಲೂಕು ಕೇಂದ್ರದ ಜನಸಂಖ್ಯೆಯೇ ಸರಿ! ಎಲ್ಲರೂ 65ರಿಂದ 74ರ ವಯಸ್ಸಿನವರು. ಅರ್ಧದಷ್ಟು ಜನರನ್ನು ಸ್ಕ್ಯಾನಿಗೆ ಕರೆದರು, ಉಳಿದರ್ಧವನ್ನು ಅವರ ಪಾಡಿಗೆ ಬಿಟ್ಟರು. ಬಂದವರು 27,147. ಉಬ್ಬು ಸಿಕ್ಕಿದ್ದು 1,333 ಮಂದಿಯಲ್ಲಿ, ಇಪ್ಪತ್ತರಲ್ಲಿ ಒಬ್ಬರಿಗೆ. ಕರೆಯದ ಗುಂಪಿನಲ್ಲಿ ಅನ್ಯೂರಿಸಂನಿಂದ ಸತ್ತವರು 113, ಕರೆದ ಗುಂಪಿನಲ್ಲಿ 65. 2002ರಲ್ಲಿ ಈ ಅಂಕಿಗಳು ಹೊರಬಂದವು. 2009ರಿಂದ ಬ್ರಿಟನ್ನು 65 ತುಂಬುವ ಪ್ರತಿ ಗಂಡಸಿಗೂ ಸ್ಕ್ಯಾನಿಗೆ ಕರೆ ಕಳುಹಿಸಲು ಶುರು ಮಾಡಿತು. 3 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಮತ್ತೆ ಬರುವುದೇ ಬೇಡ. 4.4ರವರೆಗೆ ವರ್ಷಕ್ಕೊಮ್ಮೆ, 4.5ರಿಂದ 5.4ರವರೆಗೆ ಮೂರು ತಿಂಗಳಿಗೊಮ್ಮೆ ಅಳತೆ. ಮೂರು ತಿಂಗಳಲ್ಲಿ ಅದು ಬೆಳೆಯುವುದು ಅರ್ಧ ಮಿಲಿಮೀಟರಿನ ಸುಮಾರಿಗೆ. ಆ ಅರ್ಧ ಮಿಲಿಮೀಟರಿಗೆ ಕಾವಲು!

ಇನ್ನು ಚಿಕಿತ್ಸೆ. 1817ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ರೋಗಿಯೊಬ್ಬನ ಮಹಾಪಧಮನಿಗೆ ದಾರ ಬಿಗಿದು ಕಟ್ಟಿಬಿಟ್ಟರು. ಅರಿವಳಿಕೆ ಇಲ್ಲದ ಕಾಲ. ರೋಗಿ 40 ಗಂಟೆ ಬದುಕಿದ್ದ. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ವೈದ್ಯಲೋಕದ ಕೈ ಕಟ್ಟಿಹೋಗಿತ್ತು. 1948ರ ಡಿಸೆಂಬರಿನಲ್ಲಿ ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆ ತೆರೆದ ರುಡಾಲ್ಫ್ ನಿಸೆನ್ ಅವರಿಗೂ ಉಬ್ಬನ್ನು ತೆಗೆಯುವ ದಾರಿ ಇರಲಿಲ್ಲ. ಅವರು ಮಾಡಿದ್ದು ಅದರ ಸುತ್ತ ಸೆಲ್ಲೋಫೇನ್ ಸುತ್ತಿದ್ದು. ಮಿಠಾಯಿ ಪೊಟ್ಟಣಕ್ಕೆ ಸುತ್ತುವಂಥ ಹಾಳೆ! ಆ ಹಾಳೆಯ ಆಸರೆಯಲ್ಲಿ ಐನ್‌ಸ್ಟೈನ್ ಆರು ವರ್ಷ ಮೀರಿ ಬದುಕಿದರು. ಸುಮಾರು 24 ಕೋಟಿ ಬಡಿತ. 1955ರ ಏಪ್ರಿಲಿನಲ್ಲಿ ಉಬ್ಬು ಒಡೆದಾಗ ಇನ್ನೊಂದು ಆಪರೇಷನ್ ಬೇಡವೆಂದರು. ಏಪ್ರಿಲ್ 18ರಂದು, 76ರ ವಯಸ್ಸಿನಲ್ಲಿ ತೀರಿಕೊಂಡರು.

ಕೂಪರರ ದಾರದಿಂದ 134 ವರ್ಷಗಳ ನಂತರ, 1951ರ ಮಾರ್ಚ್ 29ರಂದು ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ದ್ಯೂಬೋ ಹೊಟ್ಟೆಯ ಉಬ್ಬನ್ನು ಕತ್ತರಿಸಿ ತೆಗೆದು, ಸತ್ತವರ ದೇಹದಿಂದ ಪಡೆದ ಮಹಾಪಧಮನಿಯ ತುಂಡನ್ನು ಅಲ್ಲಿ ಹೊಲಿದರು. ರೋಗಿ ಎಂಟು ವರ್ಷ ಬದುಕಿದರು: 40 ಗಂಟೆಯಿಂದ 70,000 ಗಂಟೆಗೆ ಜಿಗಿತ. ಆದರೆ ಪ್ರತಿ ರೋಗಿಗೂ ಸತ್ತವರ ರಕ್ತನಾಳ ಹುಡುಕುತ್ತಾ ಕೂರಲು ಆದೀತೇ? ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮೈಕೇಲ್ ಡಿಬೇಕಿ ಬಟ್ಟೆಯಂಗಡಿಗೆ ಹೋದರು. ಬೇಕಾಗಿದ್ದ ನೈಲಾನ್ ಮುಗಿದಿತ್ತು. ಡೆಕ್ರಾನ್ ಅನ್ನುವ ಹೊಸ ಬಟ್ಟೆ ಇದೆ ಎಂದರು ಅಂಗಡಿಯವರು. ಅದನ್ನೇ ಕೊಂಡು ತಂದು, ಎರಡು ಪದರ ಕತ್ತರಿಸಿ, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಅಂಚು ಹೊಲಿದು ಕೊಳವೆ ಮಾಡಿದರು. ಹೊಲಿಗೆಯನ್ನು ಚಿಕ್ಕಂದಿನಲ್ಲಿ ತಾಯಿಯಿಂದ ಕಲಿತಿದ್ದರು. 1954ರಲ್ಲಿ ಆ ಬಟ್ಟೆ ಮನುಷ್ಯರ ಮಹಾಪಧಮನಿಯ ಜಾಗಕ್ಕೆ ಬಂತು. ಇಂದಿಗೂ, ಏಳು ದಶಕ ಕಳೆದ ಮೇಲೂ, ತೆರೆದ ಆಪರೇಷನ್ನಿನಲ್ಲಿ ಹಾಕುವುದು ಬಹುಪಾಲು ಅದೇ ಡೆಕ್ರಾನ್ ಕೊಳವೆ.

ಆ ಆಪರೇಷನ್ನನ್ನು ಹತ್ತಿರದಿಂದ ನೋಡೋಣ. ಹೊಟ್ಟೆ ಸೀಳಿ, ಕರುಳನ್ನು ಪಕ್ಕಕ್ಕೆ ಸರಿಸಿ, ಮೂತ್ರಪಿಂಡಗಳ ಕೆಳಗೆ ಮಹಾಪಧಮನಿಗೆ ಇಕ್ಕಳ ಹಾಕುತ್ತಾರೆ. ಕೆಳಗಿನ ಮಿಡಿತ ನಿಲ್ಲುತ್ತದೆ. ಅಲ್ಲಿಂದ ಗಡಿಯಾರದ ಜೊತೆ ಪೈಪೋಟಿ. ಉಬ್ಬನ್ನು ತೆರೆದು, ಒಳಗಿನ ಗರಣೆ ತೆಗೆದು, ಎರಡು ಸೆಂಟಿಮೀಟರ್ ಅಗಲದ ಡೆಕ್ರಾನ್ ಕೊಳವೆಯನ್ನು ಮೇಲೂ ಕೆಳಗೂ ಹೊಲಿಯುತ್ತಾರೆ. ಹೊಲಿಯುವ ದಾರದ ದಪ್ಪ ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಕಾಲಿಗೆ ಹೋಗುವ ರಕ್ತವನ್ನೆಲ್ಲ ಇನ್ನು ಸಾಯುವವರೆಗೆ ಹಿಡಿದಿಡಬೇಕಾದದ್ದು ಆ ಎಳೆ. ಇಕ್ಕಳ ಬಿಟ್ಟ ಕ್ಷಣದಿಂದ ಅದರ ಪಾಲಿಗೆ ದಿನಕ್ಕೆ ಲಕ್ಷ ಪೆಟ್ಟು ಶುರು.

ಎದೆಯ ಕಮಾನಿನಲ್ಲಿ ಉಬ್ಬಿದ್ದರೆ ಕಥೆ ಇನ್ನೂ ಮೇಲಿನದು. ಮೆದುಳಿಗೆ ಹೋಗುವ ಕವಲುಗಳು ಅಲ್ಲೇ ಇರುವುದರಿಂದ ಇಕ್ಕಳ ಹಾಕಲು ಜಾಗವೇ ಇಲ್ಲ. ಆಗ ದೇಹವನ್ನೇ ತಣಿಸುತ್ತಾರೆ: 37 ಡಿಗ್ರಿಯಿಂದ 18ರ ಆಸುಪಾಸಿಗೆ, ಬೆಂಗಳೂರಿನ ಜನವರಿ ಮುಂಜಾವಿನ ಚಳಿಗೆ. ಆಮೇಲೆ ರಕ್ತದ ಓಟವನ್ನೇ ನಿಲ್ಲಿಸುತ್ತಾರೆ. ಮಾಮೂಲಿ ಬಿಸಿಯಲ್ಲಿ ನಾಲ್ಕೈದು ನಿಮಿಷ ರಕ್ತವಿಲ್ಲದಿದ್ದರೆ ಕೆಡುವ ಮೆದುಳು ಆ ಚಳಿಯಲ್ಲಿ ಅರ್ಧ ಗಂಟೆ ತಡೆಯುತ್ತದೆ. ಆ ಅರ್ಧ ಗಂಟೆಯಲ್ಲಿ ಆಗಬೇಕಿದ್ದ 2,160 ಬಡಿತಗಳು ಆಗುವುದಿಲ್ಲ, ಹರಿಯಬೇಕಿದ್ದ 150 ಲೀಟರ್ ಹರಿಯುವುದಿಲ್ಲ. ಹೊಲಿಗೆ ಮುಗಿಸಿ, ಬಿಸಿ ಏರಿಸಿ, ಮನುಷ್ಯರನ್ನು ಮತ್ತೆ ಎಬ್ಬಿಸುತ್ತಾರೆ!

ಎದೆಯಿಂದ ಹೊಟ್ಟೆಯವರೆಗೂ ಹಬ್ಬಿದ ಉಬ್ಬುಗಳು ಎಲ್ಲಕ್ಕಿಂತ ಕಷ್ಟದವು. ಹ್ಯೂಸ್ಟನ್ನಿನಲ್ಲೇ ಸ್ಟಾನ್ಲಿ ಕ್ರಾಫರ್ಡ್ ಇಂಥ 1,509 ರೋಗಿಗಳಿಗೆ ಆಪರೇಷನ್ ಮಾಡಿದ ಲೆಕ್ಕ ಬಿಟ್ಟುಹೋದರು. ಅವರ ದಾರಿಯಲ್ಲೇ ನಡೆದ ಜೋಸೆಫ್ ಕೊಸೆಲಿ 1986ರಿಂದ 2014ರವರೆಗೆ ಮಾಡಿದ್ದು 3,309 ಆಪರೇಷನ್. ಮೂರು ದಿನಕ್ಕೊಂದರಂತೆ, 28 ವರ್ಷ.

ಹೊಟ್ಟೆಯನ್ನೇ ತೆರೆಯದಿದ್ದರೆ? 1987ರಲ್ಲಿ ಖಾರ್ಕಿವ್ ನಗರದ ನಿಕೊಲಾಯ್ ವೊಲೊಡೋಸ್ ಎದೆಯ ಮಹಾಪಧಮನಿಯಲ್ಲಿ, 1990ರಲ್ಲಿ ಬ್ಯೂನಸ್ ಐರಿಸ್ಸಿನ ಹ್ವಾನ್ ಪರೋಡಿ ಹೊಟ್ಟೆಯ ಉಬ್ಬಿನಲ್ಲಿ ಅದನ್ನು ಮಾಡಿ ತೋರಿಸಿದರು. ತೊಡೆಸಂದಿನ ರಕ್ತನಾಳದಿಂದ ಮಡಿಸಿದ ಕೊಳವೆಯನ್ನು ಒಳಗೆ ನುಗ್ಗಿಸಿ, ಉಬ್ಬಿನ ಒಳಗೇ ಬಿಚ್ಚಿ ನಿಲ್ಲಿಸುವುದು. ಇದೇ ಸ್ಟೆಂಟ್ ಗ್ರಾಫ್ಟ್. ಬಿಚ್ಚಿದಾಗ 28 ಮಿಲಿಮೀಟರ್ ಅಗಲವಾಗುವ ಬಟ್ಟೆ ಮತ್ತು ಲೋಹದ ಚೌಕಟ್ಟು ಮಡಿಸಿದಾಗ ಸುಮಾರು 6 ಮಿಲಿಮೀಟರಿನ ನಳಿಕೆಯಲ್ಲಿ ಅಡಗುತ್ತದೆ. ಪೆನ್ಸಿಲ್ಲೂ ಅದಕ್ಕಿಂತ ದಪ್ಪ! ಹೊಟ್ಟೆ ಸೀಳಿಸಿಕೊಂಡವರು ಸುಮಾರು ಒಂದು ವಾರ ಆಸ್ಪತ್ರೆಯಲ್ಲಿರಬೇಕು, ಪೂರ್ತಿ ಚೇತರಿಸಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಸ್ಟೆಂಟ್ ಗ್ರಾಫ್ಟ್ ಹಾಕಿಸಿಕೊಂಡವರು ಎರಡು ಮೂರು ದಿನಕ್ಕೆ ಡಿಸ್ಚಾರ್ಜ್. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಎರಡೂ ವಿಧಾನವನ್ನು ತೂಗಿ 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಮೊದಲ 30 ದಿನದ ಸಾವು ತೆರೆದ ಆಪರೇಷನ್ನಿನಲ್ಲಿ ನೂರಕ್ಕೆ 4.7, ಸ್ಟೆಂಟ್ ಗ್ರಾಫ್ಟಿನಲ್ಲಿ 1.7.

ಇಲ್ಲಿಗೆ ಕಥೆ ಮುಗಿಯಿತು ಎಂದು ರೋಗಿಗಳೂ ಮನೆಯವರೂ ನಂಬಿಬಿಡುತ್ತಾರೆ. ನನ್ನ ಕಳವಳ ಇರುವುದು ಇಲ್ಲೇ. ಅಂಕಿಗಳು ನಿಜವಾಗಿ ದೊಡ್ಡದಾಗುವುದು ಡಿಸ್ಚಾರ್ಜ್ ಆದ ದಿನದಿಂದ. ಅದೇ ಬ್ರಿಟನ್ನಿನ ರೋಗಿಗಳನ್ನು 15 ವರ್ಷ ಹಿಂಬಾಲಿಸಿದಾಗ ಕಂಡದ್ದು: ಎಂಟು ವರ್ಷ ಕಳೆದ ಮೇಲೆ ತಕ್ಕಡಿ ತಿರುಗಿತು. ತೆರೆದ ಆಪರೇಷನ್ ಮಾಡಿಸಿಕೊಂಡವರೇ ಹೆಚ್ಚು ಬದುಕುಳಿದರು. ಕಾರಣ ಸ್ಟೆಂಟ್ ಗ್ರಾಫ್ಟ್ ಹಾಕಿದಾಗ ಹಳೆಯ ಉಬ್ಬು ಅಲ್ಲೇ ಉಳಿದಿರುತ್ತದೆ. ಕೊಳವೆ ಜರುಗಬಹುದು, ರಕ್ತ ಹಿಂಬಾಗಿಲಿನಿಂದ ಉಬ್ಬಿನೊಳಕ್ಕೆ ಸೋರಬಹುದು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಂದಾದರೊಮ್ಮೆ ಇಂಥ ಸೋರಿಕೆ ಕಾಣಿಸುತ್ತದೆ. ಹೆಚ್ಚಿನವು ನಿರುಪದ್ರವಿ, ಕೆಲವು ಅಲ್ಲ. ಯಾವುದು ಯಾವುದು ಅನ್ನುವುದು ಸ್ಕ್ಯಾನ್ ಮಾಡಿದರಷ್ಟೇ ಗೊತ್ತಾಗುತ್ತದೆ. ಈ ಕೊಳವೆಗಳನ್ನು ಮಾರುವ ಮೊದಲು ಯಂತ್ರದಲ್ಲಿಟ್ಟು ಹತ್ತು ವರ್ಷದ ಬಡಿತಕ್ಕೆ ಸಮನಾಗಿ ಮಿಡಿಸಿ ನೋಡುತ್ತಾರೆ, 38 ಕೋಟಿ ಸಲ. ಸೆಕೆಂಡಿಗೆ ಹತ್ತಾರು ಸಲ ಮಿಡಿಸಿ ಕೆಲವೇ ತಿಂಗಳಲ್ಲಿ ಮುಗಿಸುತ್ತಾರೆ. ಮನುಷ್ಯ ಹತ್ತೇ ವರ್ಷಕ್ಕೆ ನಿಲ್ಲುವುದಿಲ್ಲವಲ್ಲ.

65ಕ್ಕೆ ಸ್ಟೆಂಟ್ ಗ್ರಾಫ್ಟ್ ಹಾಕಿಸಿಕೊಂಡು 85ರವರೆಗೆ ಬಾಳುವವರ ಲೆಕ್ಕ ತೆಗೆಯಿರಿ. ಇಪ್ಪತ್ತು ವರ್ಷ, 75 ಕೋಟಿ ಬಡಿತ, 1,75,000 ಗಂಟೆ. ಒಂದು ತಿಂಗಳಿಗೆ ಮೊದಲ ಸ್ಕ್ಯಾನ್, ವರ್ಷ ತುಂಬಿದಾಗ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಒಟ್ಟು 21. ಒಂದೊಂದಕ್ಕೆ ಕಾಲು ಗಂಟೆಯಂತೆ ಐದು ಗಂಟೆ ಚಿಲ್ಲರೆ. ಕಾವಲಿನ ಒಂದೊಂದು ಗಂಟೆ ಬದುಕಿನ 33,000 ಗಂಟೆಗಳನ್ನು ಕಾಯುತ್ತದೆ! ಇಷ್ಟಿದ್ದೂ ಅಮೆರಿಕದ ಹಿರಿಯ ರೋಗಿಗಳ ದಾಖಲೆ ತೆಗೆದು ನೋಡಿದಾಗ ಅರ್ಧಕ್ಕೂ ಹೆಚ್ಚು ಮಂದಿ ಈ ಸ್ಕ್ಯಾನುಗಳನ್ನು ತಪ್ಪಿಸಿದ್ದರು. ದಯವಿಟ್ಟು ತಪ್ಪಿಸಬೇಡಿ. ಹಳೆಯ ಸ್ಕ್ಯಾನಿನ ಫಿಲ್ಮು, ಸಿ.ಡಿ. ಯಾವುದನ್ನೂ ಎಸೆಯಬೇಡಿ, ಹೋದ ವರ್ಷದ ಅಳತೆ ಇಲ್ಲದೆ ಈ ವರ್ಷದ ಅಳತೆಗೆ ಅರ್ಥವಿಲ್ಲ.

ಉಳಿದ ಆರೈಕೆಯಲ್ಲೂ ಅಂಕಿಗಳದ್ದೇ ಕಾರುಬಾರು. ಹೊಟ್ಟೆ ಸೀಳಿದ ಆಪರೇಷನ್ ಆದಮೇಲೆ ಆರು ವಾರ 4-5 ಕೆ.ಜಿ.ಗಿಂತ ಭಾರ ಎತ್ತಬಾರದು. ನೀರು ತುಂಬಿದ ಕೊಡ ಅದರ ಎರಡರಷ್ಟು ಮೀರುತ್ತದೆ, ಮೊಮ್ಮಗು ಹುಟ್ಟಿದ ಕೆಲವೇ ತಿಂಗಳಿಗೆ ಮೀರುತ್ತದೆ. ಆ ಆರು ವಾರದಲ್ಲಿ ಹೊಲಿಗೆ ತಡೆಯುವ ಬಡಿತ 43 ಲಕ್ಷ. ನಡೆಯಬೇಕು, ದಿನದಿನಕ್ಕೆ ಹೆಚ್ಚಿಸುತ್ತಾ ನಡೆಯಬೇಕು. ಬಿಪಿ 130/80ರ ಒಳಗಿರಬೇಕು. ಉಬ್ಬಲ್ಲದೆ ಎದೆಯ ಮಹಾಪಧಮನಿಯ ಗೋಡೆಯೇ ಸೀಳಿಹೋದವರಿಗೆ ನಾಡಿಯನ್ನು ಇಳಿಸುವ ಮಾತ್ರೆ ಕೊಡುತ್ತಾರೆ. ನಿಮಿಷಕ್ಕೆ 80 ಇದ್ದದ್ದು 60ಕ್ಕೆ ಇಳಿದರೆ ವರ್ಷಕ್ಕೆ ಒಂದು ಕೋಟಿ ಐದು ಲಕ್ಷ ಪೆಟ್ಟು ಕಡಿಮೆ! ಒಂದು ಪುಟ್ಟ ಮಾತ್ರೆ ಇದಕ್ಕಿಂತ ದೊಡ್ಡ ಲೆಕ್ಕ ಬೇರೆಲ್ಲಿ ತೋರಿಸೀತು? ಬೀಡಿ ಸಿಗರೇಟಿಗೆ ಮಾತ್ರ ಒಂದೇ ಅಂಕಿ, ಸೊನ್ನೆ. ಇನ್ನೊಂದು ಮಾತು: ರೋಗಿಯ ಒಡಹುಟ್ಟಿದವರೂ ಮಕ್ಕಳೂ ವೈದ್ಯರನ್ನು ಕೇಳಿ ಆ ಹತ್ತು ನಿಮಿಷದ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು, ಇದು ಮನೆತನಗಳಲ್ಲಿ ಹರಿಯುತ್ತದೆ.

ಆಪರೇಷನ್ನಿಗಿಂತ ಆರೈಕೆ ಎಷ್ಟು ಪಾಲು ದೊಡ್ಡದು ಅನ್ನುವುದಕ್ಕೆ ಡಿಬೇಕಿ ಅವರ ಮೈಯೇ ಸಾಕ್ಷಿ. 2005ರ ಡಿಸೆಂಬರ್ 31ರಂದು, 97ರ ವಯಸ್ಸಿನಲ್ಲಿ, ಅವರ ಎದೆಯ ಮಹಾಪಧಮನಿಯ ಗೋಡೆ ಸೀಳಿತು. ಈ ಸೀಳುಗಳನ್ನು ವಿಂಗಡಿಸುವ ಪಟ್ಟಿಗೆ ವೈದ್ಯಕೀಯ ಪುಸ್ತಕಗಳಲ್ಲಿ ಇರುವ ಹೆಸರು ಅವರದೇ! ಮೊದಲು ಆಪರೇಷನ್ ಬೇಡವೆಂದಿದ್ದರು. 2006ರ ಫೆಬ್ರವರಿಯಲ್ಲಿ ಪರಿಸ್ಥಿತಿ ಕೈಮೀರಿದಾಗ ಆಸ್ಪತ್ರೆಯ ನೀತಿ ಸಮಿತಿ ರಾತ್ರಿ ಕೂತು ಚರ್ಚಿಸಿತು. ಅವರ ಜೊತೆಗಾರ ಜಾರ್ಜ್ ನೂನ್ ಏಳು ಗಂಟೆ ನಿಂತು ಡೆಕ್ರಾನ್ ಕೊಳವೆ ಹೊಲಿದರು. ಆಮೇಲಿನದು ವಾರಗಟ್ಟಲೆ ವೆಂಟಿಲೇಟರ್, ಡಯಾಲಿಸಿಸ್, ಮತ್ತೆ ಕೂರಲು, ನಿಲ್ಲಲು, ನಡೆಯಲು ಕಲಿಯುವುದು. ಮನೆಗೆ ಹೋದದ್ದು ಸೆಪ್ಟೆಂಬರಿನಲ್ಲಿ. ಆಪರೇಷನ್ನಿನ ಒಂದೊಂದು ಗಂಟೆಗೆ 700 ಗಂಟೆಯ ಶುಶ್ರೂಷೆ, ಹತ್ತು ಲಕ್ಷ ಡಾಲರ್ ಮೀರಿದ ಖರ್ಚು. 2008ರ ಜುಲೈ 11ರಂದು ಅವರು ತೀರಿಕೊಂಡಾಗ ನೂರು ತುಂಬಲು ಎರಡು ತಿಂಗಳೂ ಬಾಕಿ ಇರಲಿಲ್ಲ. ಎದೆಯೊಳಗಿನ ಆ ಬಟ್ಟೆಯ ಕೊಳವೆ ಅಷ್ಟು ಹೊತ್ತಿಗೆ ಸುಮಾರು 9 ಕೋಟಿ ಬಡಿತ, 63 ಲಕ್ಷ ಲೀಟರ್ ರಕ್ತ ಕಂಡಿತ್ತು.